ಗಡಿಯಾಚೆ ಕೊಂಡ ವಸ್ತು ಕೆಟ್ಟರೆ ದೂರು ಕಾಸರಗೋಡಿನಲ್ಲೇ: ಗ್ರಾಹಕರಿಗೆ ಹಂತ ಹಂತದ ಮಾರ್ಗದರ್ಶಿ

ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ದೊಡ್ಡ ಪೇಟೆಯೆಂದರೆ ಮಂಗಳೂರು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯವರು ಪುತ್ತೂರು, ಸುಳ್ಯಕ್ಕೂ ಹೋಗುತ್ತಾರೆ. ಫ್ರಿಜ್ಜು, ಪಂಪು, ಮದುವೆಯ ಚಿನ್ನ, ದೊಡ್ಡ ಆಸ್ಪತ್ರೆ ಎಲ್ಲಕ್ಕೂ ಗಡಿ ದಾಟುವುದು ಇಲ್ಲಿ ದಿನನಿತ್ಯದ ಮಾತು. ತೊಡಕು ಬರುವುದು ಕೊಂಡದ್ದು ಕೆಟ್ಟಾಗ. ಮಾರಿದ ಅಂಗಡಿಯವರು "ನಿಮ್ಮ ಮನೆ ಕೇರಳದಲ್ಲಿ, ಅಲ್ಲಿನ ಸರ್ವಿಸ್ ಸೆಂಟರಿಗೆ ಹೇಳಿ" ಎನ್ನುತ್ತಾರೆ. ಕಾಸರಗೋಡಿನ ಸರ್ವಿಸ್ ಸೆಂಟರಿನವರು "ಬಿಲ್ಲು ಕರ್ನಾಟಕದ್ದು, ಕೊಂಡಲ್ಲೇ ಕೇಳಿ" ಎನ್ನುತ್ತಾರೆ. ಕೇಸು ಹಾಕುವುದಾದರೆ ಮಂಗಳೂರಿಗೆ ಅಲೆಯಬೇಕಾದೀತು ಎಂದುಕೊಂಡು ಹೆಚ್ಚಿನವರು ಅಲ್ಲಿಗೇ ಕೈಬಿಡುತ್ತಾರೆ.

ಅಲೆಯಬೇಕಾಗಿಲ್ಲ. 1986ರ ಹಳೆಯ ಕಾಯ್ದೆಯಲ್ಲಿ ಮಾರಾಟಗಾರನ ಊರಿನಲ್ಲೋ ವಹಿವಾಟು ನಡೆದ ಊರಿನಲ್ಲೋ ದೂರು ಕೊಡಬೇಕಿತ್ತು. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 34ನೇ ಕಲಂ ಇದಕ್ಕೆ ಇನ್ನೊಂದು ದಾರಿ ಸೇರಿಸಿತು. ದೂರುದಾರ ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೂ ದೂರು ಸಲ್ಲಿಸಬಹುದು. ಅಂದರೆ ವರ್ಕಾಡಿಯಲ್ಲಿ ಮನೆಯಿರುವವರು ಮಂಗಳೂರಿನ ಅಂಗಡಿಯ ಮೇಲೆ, ಬೆಂಗಳೂರಿನ ಕಂಪೆನಿಯ ಮೇಲೆ, ದೆಹಲಿಯಿಂದ ಪಾರ್ಸೆಲ್ ಕಳಿಸಿದ ಆನ್‌ಲೈನ್ ಮಾರಾಟಗಾರನ ಮೇಲೆ ಕಾಸರಗೋಡು ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗದಲ್ಲೇ ದೂರು ಹೂಡಬಹುದು. ಮನೆ ಹೊಸಂಗಡಿಯಲ್ಲಿದ್ದು ಕೆಲಸ ಮಂಗಳೂರಿನಲ್ಲಿದ್ದರೆ ಎರಡರಲ್ಲಿ ಯಾವುದು ಅನುಕೂಲವೋ ಅದನ್ನು ಆರಿಸಿಕೊಳ್ಳಿ. ಬಿಲ್ಲಿನ ಅಡಿಯಲ್ಲಿ "ಮಂಗಳೂರು ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ" ಎಂದು ಅಚ್ಚಾಗಿರುವುದನ್ನು ಕಂಡು ಹೆದರಬೇಡಿ. ಕಾಯ್ದೆಯೇ ಕೊಟ್ಟ ಆಯ್ಕೆಯನ್ನು ಅಂಗಡಿಯವರು ಅಚ್ಚು ಹಾಕಿಸಿದ ಒಂದು ಸಾಲು ಕಿತ್ತುಕೊಳ್ಳಬಾರದು. ಆಕ್ಷೇಪ ಬಂದರೆ 34ನೇ ಕಲಮನ್ನೇ ಮುಂದಿಡಿ.

ಮೊದಲು ನೋಡಬೇಕಾದ್ದು: ನೀವು "ಗ್ರಾಹಕ"ರೇ?

ಹಣ ಕೊಟ್ಟು ಅಥವಾ ಕೊಡುತ್ತೇನೆಂದು ಒಪ್ಪಿ ವಸ್ತು ಇಲ್ಲವೇ ಸೇವೆ ಪಡೆದವರೆಲ್ಲ ಗ್ರಾಹಕರು. ಕಂತಿನಲ್ಲಿ ಕೊಂಡವರೂ ಆನ್‌ಲೈನಿನಲ್ಲಿ ಕೊಂಡವರೂ ಸೇರುತ್ತಾರೆ. ಕೊಂಡವರ ಒಪ್ಪಿಗೆಯಿಂದ ಆ ವಸ್ತು ಬಳಸುವ ಮನೆಮಂದಿಯೂ ಸೇರುತ್ತಾರೆ. ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಸೇರುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದು ಇಲ್ಲಿ ವಾಣಿಜ್ಯವಲ್ಲ. ಹೊಲಿಗೆಯಿಂದ ಬದುಕುವವರ ಹೊಲಿಗೆ ಯಂತ್ರ, ಸ್ವತಃ ಓಡಿಸುವ ಆಟೋ, ತನ್ನದೇ ತೋಟಕ್ಕೆ ಕೊಂಡ ಪವರ್ ಸ್ಪ್ರೇಯರ್ ಅಥವಾ ಅಡಿಕೆ ಸುಲಿಯುವ ಯಂತ್ರ ಹೀಗೆ ಕಾಯ್ದೆಯ ಒಳಗೇ ಬರುತ್ತವೆ. ಇಂಥ ದೂರಿನಲ್ಲಿ "ಇದನ್ನು ಸ್ವಂತ ಜೀವನೋಪಾಯಕ್ಕೆ ಕೊಂಡಿದ್ದೇನೆ" ಎಂಬ ವಾಕ್ಯ ತಪ್ಪದೆ ಇರಲಿ. ಅದಿಲ್ಲದಿದ್ದರೆ ಕಂಪೆನಿಯ ವಕೀಲರು ಮೊದಲು ಎತ್ತುವ ಆಕ್ಷೇಪ ಅದೇ. ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಹೇಳಿದೆ.

ತೋಟದವರು ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಅಡಿಕೆ, ತೆಂಗಿನಕಾಯಿ, ಕಾಳುಮೆಣಸು ಮಾರುವಾಗ ನೀವು ಮಾರಾಟಗಾರರು, ಗ್ರಾಹಕರಲ್ಲ. ವ್ಯಾಪಾರಿಯ ತಕ್ಕಡಿಯಲ್ಲಿ ಮೋಸ ಕಂಡರೆ ಗ್ರಾಹಕ ಆಯೋಗ ಅದಕ್ಕೆ ಸರಿಯಾದ ಜಾಗವಲ್ಲ. ತೂಕ, ಅಳತೆಗಳನ್ನು ನೋಡಿಕೊಳ್ಳುವ ಲೀಗಲ್ ಮೆಟ್ರಾಲಜಿ ಇಲಾಖೆಗೆ ದೂರು ಕೊಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ ಇಲಾಖೆಯ ಮುದ್ರೆ ಹಾಕಿಸಬೇಕು. ಮುದ್ರೆಯ ಪ್ರಮಾಣಪತ್ರ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಪೂರ್ತಿ ಉಚಿತವಾಗಿ ಸಿಕ್ಕಿದ ಸೇವೆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ವಕೀಲರ ಸೇವೆಯೂ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ತೀರ್ಪಿತ್ತಿದೆ.

ಹಂತ 1: ಕೌಂಟರಿನಲ್ಲೇ ಸಾಕ್ಷಿ ಸಂಗ್ರಹಿಸಿ

ಸುರಕ್ಷತೆ, ಮಾಹಿತಿ, ಆಯ್ಕೆ, ಅಹವಾಲು ಕೇಳಿಸಿಕೊಳ್ಳುವುದು, ಪರಿಹಾರ, ಗ್ರಾಹಕ ಶಿಕ್ಷಣ ಎಂದು ಕಾಯ್ದೆ ಆರು ಹಕ್ಕುಗಳನ್ನು ಹೇಳುತ್ತದೆ. ಆರನ್ನೂ ಬಾಯಿಪಾಠ ಮಾಡುವುದಕ್ಕಿಂತ ಒಂದು ಸರಿಯಾದ ಬಿಲ್ಲು ಹೆಚ್ಚು ಕೆಲಸಕ್ಕೆ ಬರುತ್ತದೆ. ಕೇಸು ಗೆಲ್ಲುವುದೂ ಸೋಲುವುದೂ ಬಹುಪಾಲು ಕೊಳ್ಳುವ ದಿನವೇ ತೀರ್ಮಾನವಾಗಿರುತ್ತದೆ.

ಬಿಲ್ಲಿನಲ್ಲಿ ಅಂಗಡಿಯ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ, ತಾರೀಕು, ನಿಮ್ಮ ಹೆಸರು ಮತ್ತು ಕಾಸರಗೋಡು ಜಿಲ್ಲೆಯ ವಿಳಾಸ, ವಸ್ತುವಿನ ಮಾದರಿ, ಸೀರಿಯಲ್ ಸಂಖ್ಯೆ, ಕೊಟ್ಟ ಮೊತ್ತ ಇಷ್ಟೂ ಇರಬೇಕು. "ಎಸ್ಟಿಮೇಟ್" ಎಂದು ಬರೆದ ಬಿಳಿ ಚೀಟಿ ಬಿಲ್ಲಲ್ಲ. ಕೇಳಿದರೂ ಬಿಲ್ಲು ಕೊಡದಿರುವುದೇ 2(47)ನೇ ಕಲಮಿನಂತೆ ಅನುಚಿತ ವ್ಯಾಪಾರ ಪದ್ಧತಿ. "ಬಿಲ್ಲು ಬೇಡವಾದರೆ ಕಡಿಮೆಗೆ ಕೊಡುತ್ತೇನೆ" ಎಂಬ ಮಾತಿಗೆ ಒಪ್ಪಿದವರು ಮುಂದೆ ಆ ಅಂಗಡಿಯಿಂದ ಕೊಂಡದ್ದೇ ನಿಜ ಎಂದು ಸಾಬೀತು ಮಾಡಲು ಒದ್ದಾಡಬೇಕಾಗುತ್ತದೆ. ನಗದಿನ ಬದಲು ಯುಪಿಐ ಅಥವಾ ಕಾರ್ಡಿನಲ್ಲಿ ಕೊಟ್ಟರೆ ಬ್ಯಾಂಕಿನ ದಾಖಲೆಯೂ ಉಳಿಯುತ್ತದೆ.

ಈಗಿನ ಬಿಲ್ಲುಗಳು ಹೆಚ್ಚಾಗಿ ಥರ್ಮಲ್ ಕಾಗದದವು. ಕೆಲವೇ ತಿಂಗಳಲ್ಲಿ ಅಕ್ಷರ ಮಾಸುತ್ತದೆ, ನಮ್ಮ ಕರಾವಳಿಯ ಸೆಖೆಯಲ್ಲಿ ಇನ್ನೂ ಬೇಗ. ಮನೆಗೆ ಬಂದ ದಿನವೇ ಫೋಟೊ ತೆಗೆದು ಒಂದು ಜೆರಾಕ್ಸ್ ಮಾಡಿಸಿಡಿ. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಕೊಳ್ಳುವ ಮೊದಲೇ ಇನ್ನೊಂದು ಪ್ರಶ್ನೆ ಕೇಳಿ: "ನಮ್ಮ ಪಿನ್‌ಕೋಡಿಗೆ ಮನೆಗೇ ಬಂದು ಸರ್ವಿಸ್ ಕೊಡುತ್ತಾರೆಯೇ?" ಉತ್ತರವನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ, ಇಲ್ಲವೇ ಅಂಗಡಿಯ ವಾಟ್ಸಾಪಿಗೆ ಪ್ರಶ್ನೆ ಕಳಿಸಿ ಅಲ್ಲಿಂದ ಬಂದ ಉತ್ತರ ಉಳಿಸಿಕೊಳ್ಳಿ. ಗಡಿನಾಡಿನ ಜಗಳಗಳಲ್ಲಿ ಎಷ್ಟೋ ಈ ಒಂದೇ ಪ್ರಶ್ನೆಯಿಂದ ತಪ್ಪುತ್ತವೆ.

ಪೊಟ್ಟಣದ ಸಾಮಾನಿನ ಮೇಲೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ ವಿವರ ಇರಬೇಕು. ಬೆಲೆಯ ಮೇಲೆ ಇನ್ನೊಂದು ಸ್ಟಿಕರ್ ಅಂಟಿಸಿ ಏರಿಸಿದ್ದರೆ ಅದು ತಪ್ಪು. ಪೆಟ್ರೋಲಿನ ಅಳತೆ ಅನುಮಾನವಾದರೆ ಬಂಕಿನಲ್ಲಿರುವ 5 ಲೀಟರ್ ಅಳತೆಪಾತ್ರೆಯಲ್ಲಿ ಹಿಡಿದು ತೋರಿಸಲು ಕೇಳಬಹುದು.

ಚಿನ್ನಕ್ಕೆ ಹೆಚ್ಚು ಎಚ್ಚರ ಬೇಕು. ಹಾಲ್‌ಮಾರ್ಕ್ ಇರುವ ಆಭರಣದಲ್ಲಿ ಮೂರು ಗುರುತು ಇರುತ್ತವೆ: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲಾಂಛನ, ಶುದ್ಧತೆ (22 ಕ್ಯಾರಟ್ ಆದರೆ 22ಕೆ916), ಅಕ್ಷರ ಮತ್ತು ಅಂಕಿ ಬೆರೆತ 6 ಸ್ಥಾನಗಳ ಎಚ್‌ಯುಐಡಿ, ಅಂದರೆ ಆ ಆಭರಣದ್ದೇ ಆದ ಗುರುತಿನ ಸಂಖ್ಯೆ. ಅಂಗಡಿಯಲ್ಲಿ ನಿಂತಿರುವಾಗಲೇ ಮೊಬೈಲಿನ "ಬಿಐಎಸ್ ಕೇರ್" ಆ್ಯಪಿನಲ್ಲಿ ಈ ಸಂಖ್ಯೆ ಹಾಕಿ. ಆಭರಣದ ಬಗೆ ಮತ್ತು ಶುದ್ಧತೆ ತಾಳೆಯಾಗಬೇಕು. ಬಳೆಯ ಮೇಲಿನ ಸಂಖ್ಯೆ ಹಾಕಿದಾಗ ಉಂಗುರ ಎಂದು ಬಂದರೆ ಕೊಳ್ಳಬೇಡಿ. ಬಿಲ್ಲಿನಲ್ಲಿ ಚಿನ್ನದ ತೂಕ, ಕಲ್ಲಿನ ತೂಕ, ದರ, ಮಜೂರಿ ಬೇರೆಬೇರೆಯಾಗಿ ನಮೂದಾಗಲಿ. ಕಲ್ಲನ್ನು ಚಿನ್ನದ ತೂಕಕ್ಕೆ ಸೇರಿಸಿ ಲೆಕ್ಕ ಹಾಕಿದ್ದು ಮಾರುವ ದಿನ ಗೊತ್ತಾಗಿ ಪ್ರಯೋಜನವಿಲ್ಲ. ಹಾಲ್‌ಮಾರ್ಕ್ ಹೇಳುವುದಕ್ಕಿಂತ ಶುದ್ಧತೆ ಕಡಿಮೆಯೆಂದು ಪರೀಕ್ಷೆಯಲ್ಲಿ ಕಂಡರೆ, ವ್ಯತ್ಯಾಸದ ಎರಡು ಪಟ್ಟು ಹಣ ಮತ್ತು ಪರೀಕ್ಷಾ ಶುಲ್ಕ ಕೊಡಬೇಕೆಂದು ಬಿಐಎಸ್ ನಿಯಮ ಹೇಳುತ್ತದೆ.

ಹಂತ 2: ಕೆಟ್ಟ ದಿನದಿಂದಲೇ ಬರವಣಿಗೆ

ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಕರೆ ಮಾಡಿದರೂ ಅದೇ ದಿನ ಇಮೇಲ್ ಅಥವಾ ವಾಟ್ಸಾಪಿನಲ್ಲಿ "ಇಂದು ಕರೆ ಮಾಡಿ ಹೀಗೆ ತಿಳಿಸಿದ್ದೇನೆ, ದೂರಿನ ಸಂಖ್ಯೆ ಇಂತಿಷ್ಟು" ಎಂದು ಬರೆದು ಕಳಿಸಿ. ಮೆಕ್ಯಾನಿಕ್ ಬಂದಾಗಲೆಲ್ಲ ಜಾಬ್ ಶೀಟಿನ ಪ್ರತಿ ಪಡೆಯಿರಿ. ಅದರಲ್ಲಿ ಅವನು ಏನು ಬರೆದಿದ್ದಾನೆಂದು ಓದಿಯೇ ಸಹಿ ಹಾಕಿ. "ತೊಂದರೆ ಸರಿಯಾಗಿದೆ" ಎಂದು ಬರೆದ ಶೀಟಿಗೆ, ಸರಿಯಾಗದೆ ಸಹಿ ಹಾಕಿದರೆ ಆಯೋಗದಲ್ಲಿ ನಿಮ್ಮೆದುರೇ ಆ ಕಾಗದ ಬರುತ್ತದೆ.

ವಾರಂಟಿ ಇರುವಾಗ ಪಕ್ಕದ ಊರಿನ ಮೆಕ್ಯಾನಿಕ್ಕನಿಂದ ಬಿಚ್ಚಿಸಬೇಡಿ. ಬಿಚ್ಚಿದ ಮೇಲೆ ದೋಷ ತಯಾರಿಕೆಯದ್ದೋ ರಿಪೇರಿಯದ್ದೋ ಎಂದು ಯಾವ ತಜ್ಞರೂ ಖಚಿತವಾಗಿ ಹೇಳಲಾರರು. ವಸ್ತುವಿನಿಂದ ಗಾಯ ಅಥವಾ ಹಾನಿಯಾಗಿ ಉತ್ಪನ್ನ ಹೊಣೆಗಾರಿಕೆಯಡಿ ಪರಿಹಾರ ಕೇಳುವಾಗ ಇದು ಇನ್ನೂ ಮುಖ್ಯ. ಹಾನಿಯಾದಾಗ ವಸ್ತುವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರನ ಮೇಲೆ ಕ್ರಮವಿಲ್ಲ ಎಂದು 87ನೇ ಕಲಂ ಹೇಳುತ್ತದೆ. ಕೈಪಿಡಿಯಲ್ಲಿ ಹೇಳಿದಂತೆ ಬಳಸುವುದು, ಹೇಳಿದ ಅವಧಿಗೆ ಸರ್ವಿಸ್ ಮಾಡಿಸುವುದು, ಸಹಿ ಹಾಕುವ ಮುನ್ನ ಷರತ್ತು ಓದುವುದು, ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಗ್ರಾಹಕರ ಹೊಣೆ. ಇದರಲ್ಲಿ ತಪ್ಪಿದವರ ಹಕ್ಕು ಸೊರಗುತ್ತದೆ.

"ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಎಂಬ ಸಾಲಿನ ಬಗ್ಗೆಯೂ ಸರಿಯಾದ ತಿಳುವಳಿಕೆ ಬೇಕು. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಆ ಸಾಲು ಅದನ್ನು ತಡೆಯದು. ಆದರೆ ಸೀರೆಯ ಬಣ್ಣ ಮನೆಯಲ್ಲಿ ಮೆಚ್ಚಿಗೆಯಾಗಲಿಲ್ಲ ಎಂಬುದು ದೋಷವಲ್ಲ. ಅಂಗಡಿಯವರು ಬದಲಿಸಿ ಕೊಟ್ಟರೆ ಅದು ಅವರ ಸೌಜನ್ಯ.

ಆನ್‌ಲೈನ್ ಖರೀದಿಯಾದರೆ ಪಾರ್ಸೆಲ್ ಬಿಚ್ಚುವುದನ್ನು ವಿಳಾಸದ ಚೀಟಿ ಕಾಣುವಂತೆ ವೀಡಿಯೊ ಮಾಡಿ. ಇ-ಕಾಮರ್ಸ್ ನಿಯಮಗಳಂತೆ ಕಂಪೆನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಸಿಕ್ಕಿದ್ದನ್ನು ಒಪ್ಪಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ್ಯಪಿನ ಚಾಟ್ ಅಳಿಸಿಹೋಗುವ ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಹಂತ 3: 1915

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಬಿಲ್ಲು ಕೈಯಲ್ಲಿಟ್ಟುಕೊಂಡು ಕರೆ ಮಾಡಿ, ಕೊಟ್ಟ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ದೊಡ್ಡ ಕಂಪೆನಿಗಳ ವಿಷಯದಲ್ಲಿ ಇಷ್ಟರಲ್ಲೇ ಹಣ ವಾಪಸು ಬರುವುದುಂಟು. ಆದರೆ ಸಹಾಯವಾಣಿ ಮಧ್ಯಸ್ಥಿಕೆ ಮಾತ್ರ ಮಾಡುತ್ತದೆ. ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಅಲ್ಲಿ ದೂರು ಇದೆ ಎಂಬ ಕಾರಣಕ್ಕೆ ಆಯೋಗಕ್ಕೆ ಹೋಗುವ ಎರಡು ವರ್ಷದ ಗಡುವು ನಿಲ್ಲುವುದೂ ಇಲ್ಲ.

ಹಂತ 4: ನೋಟಿಸು

ವಕೀಲರಿಂದಲೇ ಆಗಬೇಕೆಂದಿಲ್ಲ. ಕಾಯ್ದೆ ಇದನ್ನು ಕಡ್ಡಾಯ ಮಾಡಿಲ್ಲವಾದರೂ, ಸರಿಪಡಿಸಲು ಅವಕಾಶ ಕೊಟ್ಟಿದ್ದೀರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆಯಿಲ್ಲ. ಮಾರಿದ ಅಂಗಡಿ, ತಯಾರಕ ಕಂಪೆನಿ, ಸರ್ವಿಸ್ ಸೆಂಟರ್ ಮೂವರಿಗೂ ಕಳಿಸಿ. ಒಕ್ಕಣೆ ಹೀಗಿದ್ದರೆ ಸಾಕು:

"ತಾರೀಕು ____ರಂದು ನಿಮ್ಮ ಅಂಗಡಿಯಿಂದ ಬಿಲ್ ಸಂಖ್ಯೆ ____ರಂತೆ ____ ರೂಪಾಯಿ ಪಾವತಿಸಿ ____ ಮಾದರಿಯ ಫ್ರಿಜ್ (ಸೀರಿಯಲ್ ಸಂಖ್ಯೆ ____) ಖರೀದಿಸಿದ್ದೇನೆ. ತಾರೀಕು ____ರಿಂದ ಅದು ತಂಪು ಹಿಡಿಯುತ್ತಿಲ್ಲ. ತಾರೀಕು ____ ಮತ್ತು ____ರಂದು ದೂರು ಸಂಖ್ಯೆ ____, ____ರಂತೆ ತಿಳಿಸಿದ್ದೇನೆ. ಎರಡು ಸಲ ರಿಪೇರಿಯಾದರೂ ದೋಷ ಹಾಗೆಯೇ ಇದೆ. ಈ ಪತ್ರ ತಲುಪಿದ 15 ದಿನದೊಳಗೆ ಬೇರೆ ಹೊಸ ಫ್ರಿಜ್ ಒದಗಿಸಬೇಕು ಅಥವಾ ಪೂರ್ತಿ ಹಣ ಹಿಂದಿರುಗಿಸಬೇಕು. ತಪ್ಪಿದಲ್ಲಿ ಕಾಸರಗೋಡು ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ."

ಬೈಗುಳ, ಬೆದರಿಕೆ, ಪತ್ರಿಕೆಗೆ ಕೊಡುತ್ತೇನೆ ಎಂಬ ಮಾತು ಬೇಡ. 2025ರ ಸೆಪ್ಟೆಂಬರಿನಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿರುವುದರಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ರಸೀದಿಯನ್ನೂ, ತಲುಪಿದ್ದನ್ನು ತೋರಿಸುವ ಟ್ರ್ಯಾಕಿಂಗ್ ಪುಟದ ಪ್ರಿಂಟನ್ನೂ ಜೋಪಾನ ಮಾಡಿ.

ಹಂತ 5: ದೂರು ಬರೆಯುವುದು, ಸಲ್ಲಿಸುವುದು

ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ತಡವಾದರೆ ಸರಿಯಾದ ಕಾರಣ ಕೊಟ್ಟು ವಿಳಂಬ ಮನ್ನಾ ಕೋರಿ ಬೇರೆ ಅರ್ಜಿ ಹಾಕಬೇಕು. ಒಪ್ಪುವುದು ಬಿಡುವುದು ಆಯೋಗಕ್ಕೆ ಬಿಟ್ಟದ್ದು. ಪತ್ರವ್ಯವಹಾರ ನಡೆಯುತ್ತಿತ್ತು ಎಂಬ ಮಾತ್ರಕ್ಕೆ ಅವಧಿ ಉದ್ದವಾಗುವುದಿಲ್ಲ. "ಮುಂದಿನ ವಾರ ಮಾಡಿಕೊಡುತ್ತೇವೆ" ಎಂದು ದಿನ ದೂಡುವವರನ್ನು ನಂಬಿ ಕೂತವರು ಸೋಲುವುದು ಇದರಿಂದಲೇ.

ಯಾವ ಆಯೋಗ ಎಂಬುದು ವಸ್ತುವಿಗೆ ನೀವು ಕೊಟ್ಟ ಹಣದ ಮೇಲೆ ನಿಂತಿದೆ, ಕೇಳುವ ಪರಿಹಾರದ ಮೇಲಲ್ಲ. 50 ಲಕ್ಷ ರೂಪಾಯಿ ತನಕ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿ ತನಕ ರಾಜ್ಯ ಆಯೋಗ, ಅದರ ಮೇಲಿನದು ರಾಷ್ಟ್ರೀಯ ಆಯೋಗ. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000.

ದೂರಿನಲ್ಲಿ ಇವು ಇರಲಿ: ನಿಮ್ಮ ಮತ್ತು ಎದುರುದಾರರ ಪೂರ್ಣ ವಿಳಾಸ, ನಡೆದದ್ದು ತಾರೀಕಿನ ಕ್ರಮದಲ್ಲಿ ಸಂಖ್ಯೆ ಹಾಕಿದ ಪ್ಯಾರಾಗಳಾಗಿ, ಕೊಟ್ಟ ಮೊತ್ತ, ಕಾರಣ ಹುಟ್ಟಿದ ದಿನ, "ದೂರುದಾರರು ಕಾಸರಗೋಡು ಜಿಲ್ಲೆಯ ಇಂಥ ಗ್ರಾಮದಲ್ಲಿ ವಾಸವಿರುವುದರಿಂದ 34ನೇ ಕಲಮಿನಂತೆ ಈ ಆಯೋಗಕ್ಕೆ ವ್ಯಾಪ್ತಿಯಿದೆ" ಎಂಬ ವಾಕ್ಯ, ಕೊನೆಗೆ ಬೇಡಿಕೆ. ಆ ವಾಕ್ಯಕ್ಕೆ ಆಧಾರವಾಗಿ ಆಧಾರ್ ಅಥವಾ ರೇಷನ್ ಕಾರ್ಡಿನ ಪ್ರತಿ ಲಗತ್ತಿಸಿ. ಆಧಾರಿನಲ್ಲಿ ಹಳೆಯ ಮಂಗಳೂರು ವಿಳಾಸವೇ ಉಳಿದಿದ್ದರೆ ಮೊದಲು ತಿದ್ದಿಸಿಕೊಳ್ಳಿ. ಬೇಡಿಕೆಯನ್ನು ಬಿಡಿಸಿ ಬರೆಯಿರಿ: ವಸ್ತುವಿನ ಬೆಲೆ ಮತ್ತು ಬಡ್ಡಿ, ಆದ ನಷ್ಟ, ಮಾನಸಿಕ ಕಿರುಕುಳಕ್ಕೆ ಪರಿಹಾರ, ಖರ್ಚು. 20 ಸಾವಿರದ ಮೊಬೈಲಿಗೆ 10 ಲಕ್ಷ ಕೇಳಿದರೆ ನಿಮ್ಮ ಇಡೀ ದೂರೇ ಹಗುರವಾಗಿ ಕಾಣುತ್ತದೆ. ಹಾಳಾದ ಮೀನು ಎಷ್ಟು, ಬಾಡಿಗೆ ಪಂಪಿಗೆ ಕೊಟ್ಟದ್ದೆಷ್ಟು ಎಂದು ರಸೀದಿ ಸಮೇತ ತೋರಿಸಿದ ಸಣ್ಣ ಮೊತ್ತ ಸಿಗುವ ಸಾಧ್ಯತೆ ಹೆಚ್ಚು.

ದೂರಿನ ಜೊತೆ ನೋಟರಿ ಮಾಡಿಸಿದ ಅಫಿಡವಿಟ್, ದಾಖಲೆಗಳ ಪಟ್ಟಿ, ದಾಖಲೆಗಳು ಬೇಕು. ಕನ್ನಡದ ಬಿಲ್ಲು, ಪತ್ರ, ವಾಟ್ಸಾಪ್ ಸಂದೇಶಗಳಿದ್ದರೆ ಇಂಗ್ಲಿಷ್ ಅಥವಾ ಮಲಯಾಳ ಅನುವಾದವನ್ನೂ ಸೇರಿಸಿ. ಕೇಸು ಮೇಲ್ಮನವಿಗಾಗಿ ತಿರುವನಂತಪುರಕ್ಕೆ ಹೋದರೆ ಅಲ್ಲಿ ಕನ್ನಡ ಓದುವವರು ಸಿಗುವುದು ಕಷ್ಟ. ನೇರವಾಗಿ ಕೊಡುವುದಾದರೆ ಆಯೋಗಕ್ಕೂ ಪ್ರತಿಯೊಬ್ಬ ಎದುರುದಾರರಿಗೂ ಒಂದೊಂದು ಕಟ್ಟು ಬೇಕು. ಮನೆಯಿಂದಲೇ ಸಲ್ಲಿಸಲು 2025ರ ಜನವರಿ 1ರಿಂದ ಇ-ಜಾಗೃತಿ ಎಂಬ ಜಾಲತಾಣವಿದೆ. ಖಾತೆ ತೆರೆದು, ಆಯೋಗವನ್ನು ಆರಿಸಿ, ಪಿಡಿಎಫ್‌ಗಳನ್ನು ಏರಿಸಿದರಾಯಿತು. ಅಕ್ಷರ ಕಾಣದ ಸ್ಕ್ಯಾನ್, ಸಹಿಯಿಲ್ಲದ ಪುಟ, ಅಡ್ಡಡ್ಡ ತಿರುಗಿದ ಫೋಟೊ ಇದ್ದರೆ ಕಚೇರಿಯವರು ಲೋಪ ಹೇಳಿ ಮರಳಿಸುತ್ತಾರೆ. ಸಲ್ಲಿಸಿದ ಮೇಲೂ ವಾರಕ್ಕೊಮ್ಮೆ ತೆರೆದು ನೋಡಿ.

ವಕೀಲರಿಲ್ಲದೆ ನೀವೇ ವಾದಿಸಬಹುದು. ಬೇಕಿದ್ದರೆ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು. ಸಹಾಯವಾಣಿ 15100.

ಆಸ್ಪತ್ರೆ, ವಿಮೆ, ಬ್ಯಾಂಕ್

ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ ಒಳಗಿದೆ ಎಂಬುದು 1995ರ ವಿ.ಪಿ. ಶಾಂತಾ ಪ್ರಕರಣದಿಂದ ಸ್ಥಿರವಾಗಿದೆ. ಬಿಲ್ಲನ್ನು ವಿಮೆ ಭರಿಸಿದ್ದರೂ ಹಕ್ಕು ಹೋಗುವುದಿಲ್ಲ. ರೋಗಿ ಗುಣವಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ನಿರ್ಲಕ್ಷ್ಯವಾಗುವುದಿಲ್ಲ. ಅದೇ ವಿಭಾಗದ ಬೇರೊಬ್ಬ ತಜ್ಞರ ಅಭಿಪ್ರಾಯವಿಲ್ಲದೆ ಇಂಥ ಕೇಸು ನಿಲ್ಲುವುದು ಕಷ್ಟ. ಮೊದಲ ಕೆಲಸ ಕೇಸ್ ಶೀಟ್ ಪಡೆಯುವುದು. ಬರೆದು ಕೇಳಿ, ಸ್ವೀಕೃತಿ ಪಡೆಯಿರಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮ ಹೇಳುತ್ತದೆ.

ವಿಮೆ ತಿರಸ್ಕರಿಸಿದರೆ ಯಾವ ಷರತ್ತಿನಡಿ ಎಂದು ಲಿಖಿತ ಕಾರಣ ಕೇಳಿ ಪಡೆಯಿರಿ. ಇಂಥ ದೂರು ಕೇಳಿ ಇತ್ಯರ್ಥ ಮಾಡುವ ಅಧಿಕಾರಿಯಾದ ವಿಮಾ ಓಂಬುಡ್ಸ್‌ಮನ್ ಕಚೇರಿ ಕೇರಳಕ್ಕೆ ಕೊಚ್ಚಿಯಲ್ಲಿದೆ. ಬ್ಯಾಂಕಿನ ತಕರಾರಾದರೆ ಬ್ಯಾಂಕಿಗೆ ಬರೆದು 30 ದಿನ ಕಾದು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಆದರೆ ಓಂಬುಡ್ಸ್‌ಮನ್ ಬಳಿ ಒಂದು, ಆಯೋಗದಲ್ಲಿ ಇನ್ನೊಂದು ಎಂದು ಒಂದೇ ವಿಷಯಕ್ಕೆ ಏಕಕಾಲಕ್ಕೆ ಎರಡು ಕಡೆ ಹೋಗಬೇಡಿ.

ಹಂತ 6: ದಾಖಲಾದ ಮೇಲೆ

ದೂರನ್ನು ಸ್ವೀಕರಿಸಬೇಕೇ ಎಂಬುದನ್ನು ಆಯೋಗ ಸಾಮಾನ್ಯವಾಗಿ 21 ದಿನದೊಳಗೆ ತೀರ್ಮಾನಿಸಬೇಕು. ನಿಮ್ಮ ಮಾತು ಕೇಳದೆ ತಿರಸ್ಕರಿಸುವಂತಿಲ್ಲ. ನೋಟಿಸು ತಲುಪಿದ ಎದುರುದಾರರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15 ದಿನ. 45 ದಿನ ಮೀರಿದರೆ ಉತ್ತರ ಸ್ವೀಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ನಿಮ್ಮ ಕೇಸಿನಲ್ಲಿ ಆ ದಿನಗಳನ್ನು ಎಣಿಸಿಟ್ಟುಕೊಳ್ಳಿ.

ರಾಜಿಯ ಸಾಧ್ಯತೆಯಿದ್ದರೆ ಆಯೋಗ ಇಬ್ಬರ ಒಪ್ಪಿಗೆಯಿಂದ ಮಧ್ಯಸ್ಥಿಕೆಗೆ ಕಳಿಸಬಹುದು. ಹೊಸ ವಸ್ತು ಕೊಡಲು ಸಿದ್ಧರಿದ್ದರೆ ಒಪ್ಪಿಕೊಳ್ಳುವುದು ಎಷ್ಟೋ ಸಲ ಲಾಭ, ಆದರೆ ಒಪ್ಪಿದ್ದು ಬರಹದಲ್ಲಿರಲಿ. ದೋಷ ಕಣ್ಣಿಗೆ ಕಾಣದಂಥದ್ದಾದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವಂತೆ ಅರ್ಜಿ ಹಾಕಿ; ಶುಲ್ಕ ಮೊದಲು ನೀವು ಕಟ್ಟಬೇಕು, ವರದಿಗೆ 45 ದಿನ. ಕಾಯ್ದೆಯಂತೆ ಪರೀಕ್ಷೆ ಬೇಡದ ಕೇಸು 3 ತಿಂಗಳಲ್ಲಿ, ಬೇಕಾದದ್ದು 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು. ನಿಜದಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡಿ. ಹೋಗಲಾಗದವರು ವೀಡಿಯೊ ಮೂಲಕ ಹಾಜರಾಗಲು ಅರ್ಜಿ ಕೊಡಬಹುದು. ಹೇಳದೆ ಗೈರಾಗಬೇಡಿ. ಆ ಕಾರಣಕ್ಕೇ ದೂರು ವಜಾ ಆಗಬಹುದು.

ಆದೇಶ ಸರಿಯಿಲ್ಲ ಎನಿಸಿದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ. ಹಣ ಕೊಡಬೇಕಾದ ಎದುರುದಾರರು ಮೇಲ್ಮನವಿ ಹಾಕಬೇಕಾದರೆ ಆ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು.

ಆದೇಶದ ದೃಢೀಕೃತ ಪ್ರತಿ ಕೈಗೆ ಬಂದ ಮೇಲೆ ಅದನ್ನೂ ನಿಮ್ಮ ಬ್ಯಾಂಕ್ ಖಾತೆಯ ವಿವರವನ್ನೂ ಎದುರುದಾರರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಆದೇಶದಲ್ಲಿ ಹೇಳಿದ ಗಡುವು ಮುಗಿದರೂ ಹಣ ಬಾರದಿದ್ದರೆ ಅದೇ ಆಯೋಗದಲ್ಲಿ 71ನೇ ಕಲಮಿನಡಿ ಜಾರಿ ಅರ್ಜಿ ಹಾಕಬಹುದು. ಸಿವಿಲ್ ಕೋರ್ಟಿನ ಡಿಕ್ರಿಯಂತೆಯೇ ಆಸ್ತಿ ಜಪ್ತಿಗೂ ಅವಕಾಶವಿದೆ. 72ನೇ ಕಲಮಿನಡಿ ಅರ್ಜಿ ಹಾಕಿದರೆ ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, ಅಥವಾ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಅಂಗಡಿ ತಲಪಾಡಿಯ ಆಚೆ ಇದ್ದರೂ ಈ ಎರಡು ಅರ್ಜಿಗಳೂ ಕಾಸರಗೋಡಿನಲ್ಲೇ.